ಉಂಡ ಮನೆಗೆ ಎರಡು ಬಗೆದವರು ಯಾರು?

ಜನವರಿ 2019ರ ಒಂದು ಬೆಳಗ್ಗೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ಒಳಗೆ ಕೂತು ಆಕಳಿಸ್ತಾ ಇದ್ದೆ. ಅಮೆರಿಕದಿಂದ ಗೆಳೆಯನ ಫೋನ್ ಬಂತು.

"ದ್ರೋಹಿಗಳು ಕಣೋ, ಇಬ್ಬರೂ ದ್ರೋಹಿಗಳು" ಅಂದ. ದನಿಯಲ್ಲಿ ನಿಜವಾದ ಸಂಕಟ ಇತ್ತು. ಆಫೀಸಿನಲ್ಲಿ ಯಾರೋ ಇವನ ಪ್ರಮೋಷನ್‌ಗೆ ಕಲ್ಲು ಹಾಕಿರಬೇಕು ಅಂದ್ಕೊಂಡೆ. ಅಥವಾ ಮನೆ ಕೊಳ್ಳೋ ವಿಷಯದಲ್ಲಿ ಪಾರ್ಟ್‌ನರ್‌ಗಳು ಕೈಕೊಟ್ಟಿರಬೇಕು.

ವಿಷಯ ಅದಲ್ಲ. ಇವನು ಓದಿದ್ದು ಮಿಷಿಗನ್ ಯೂನಿವರ್ಸಿಟಿಯಲ್ಲಿ. ಅಲ್ಲಿನ ಫುಟ್‌ಬಾಲ್ ತಂಡದ ಇಬ್ಬರು ಅಸಿಸ್ಟೆಂಟ್ ಕೋಚ್‌ಗಳು ಒಂದೇ ವಾರದಲ್ಲಿ ರಾಜೀನಾಮೆ ಬಿಸಾಕಿ ಒಹಾಯೊ ಸ್ಟೇಟ್ ತಂಡ ಸೇರಿಬಿಟ್ಟಿದ್ದರು. "ಎಲ್ಲಿಗೆ ಬೇಕಾದ್ರೂ ಹೋಗಲಿ ಮಗಾ, ಆದ್ರೆ ಅಲ್ಲಿಗಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ತಾನೆ?"

ನಾನು ಏನೂ ಹೇಳಲಿಲ್ಲ. ಸಿಗ್ನಲ್ ಬಿಟ್ಟಿತು. ಆದರೆ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ಇದನ್ನು ಹೇಳಿದ ಮಹಾಶಯ ಡೆಟ್ರಾಯಿಟ್ ಸುತ್ತಮುತ್ತ ಹತ್ತು ವರ್ಷದಲ್ಲಿ ಮೂರು ಕಾರ್ ಕಂಪನಿ ಬದಲಾಯಿಸಿದವನು. ಮೂರೂ ಒಂದಕ್ಕೊಂದು ಎದುರಾಳಿ ಕಂಪನಿಗಳೇ. ಪ್ರತಿ ಸಲ ಬದಲಾಯಿಸಿದಾಗಲೂ ನನಗೆ ಫೋನ್ ಮಾಡಿ "ಒಳ್ಳೇ ಹೈಕ್ ಕೊಟ್ರು ಗುರು" ಅಂದವನು.

ಆ ಇಬ್ಬರು ಕೋಚ್‌ಗಳ ಮೇಲೆ ಬಿದ್ದ ಬೈಗುಳ ಶುದ್ಧ ಅನ್ಯಾಯ ಅನ್ನೋದು ನನ್ನ ವಾದ. ಅವತ್ತು ಒಂದು ದ್ರೋಹ ನಡೆದಿದ್ದು ನಿಜ. ಆದರೆ ದ್ರೋಹ ಆಗಿದ್ದು ಯಾರಿಗೆ ಅಂತ ನೋಡೋಕೆ ಯಾರಿಗೂ ಪುರುಸೊತ್ತು ಇರಲಿಲ್ಲ.

ಮೊದಲು ಈ ಜಿದ್ದಿನ ಬಗ್ಗೆ ನಾಲ್ಕು ಮಾತು. ನಾವು ಹೇಳೋ ಫುಟ್‌ಬಾಲ್ ಅಲ್ಲ ಇದು, ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬಿದ್ದು ಆಡೋ ಅಮೆರಿಕನ್ ಫುಟ್‌ಬಾಲ್. ಅದರಲ್ಲೂ ಕಾಲೇಜು ಹುಡುಗರು ಆಡೋದು. ಕಾಲೇಜು ಅಂದ ಕೂಡಲೇ ನಮ್ಮ ಇಂಟರ್-ಕಾಲೇಜ್ ಟೂರ್ನಮೆಂಟ್ ನೆನಪು ಮಾಡ್ಕೋಬೇಡಿ. ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಕೊಲಂಬಸ್‌ನ ಒಹಾಯೊ ಸ್ಟೇಡಿಯಂ ಕೂಡ ಲಕ್ಷ ದಾಟುತ್ತೆ. ಎರಡೂ ಸರ್ಕಾರಿ ಯೂನಿವರ್ಸಿಟಿಗಳು, ಅಕ್ಕಪಕ್ಕದ ರಾಜ್ಯಗಳು. ಇಬ್ಬರ ಮಧ್ಯೆ ಮೊದಲ ಪಂದ್ಯ ನಡೆದದ್ದು 1897ರಲ್ಲಿ. ಈಗ ನವೆಂಬರ್ ಕೊನೆಯ ಶನಿವಾರ ನಡೆಯುವ ಈ ಪಂದ್ಯಕ್ಕೆ ಬೇರೆ ಹೆಸರೇ ಬೇಕಿಲ್ಲ, 'ದ ಗೇಮ್' ಅಂದರೆ ಸಾಕು. ಆ ವಾರ ಒಹಾಯೊ ಸ್ಟೇಟ್ ಕ್ಯಾಂಪಸ್‌ನ ಬೋರ್ಡ್‌ಗಳಲ್ಲಿ 'ಎಂ' ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪ್ ಅಂಟಿಸಿ ಹೊಡೆದು ಹಾಕ್ತಾರೆ. ಮಿಷಿಗನ್ ಅನ್ನೋ ಹೆಸರನ್ನೂ ಬಾಯಲ್ಲಿ ಹೇಳಲ್ಲ, 'ಉತ್ತರದ ಕಡೆಯ ಆ ತಂಡ' ಅಂತಾರೆ. ಮಿಷಿಗನ್ ಸೋಲಿಸಿದರೆ ಆಟಗಾರರಿಗೆ ಚಡ್ಡಿ ಆಕಾರದ ಒಂದು ಪುಟ್ಟ ಚಿನ್ನದ ಪದಕ. 1934ರಿಂದ ನಡೆದುಬಂದ ಪದ್ಧತಿ ಅದು.

ಇಂಥ ಕಡೆಯಿಂದ ಇಂಥ ಕಡೆಗೆ ಹೋದವರು ಗ್ರೆಗ್ ಮ್ಯಾಟಿಸನ್ ಮತ್ತು ಅಲ್ ವಾಷಿಂಗ್ಟನ್.

ಮ್ಯಾಟಿಸನ್‌ಗೆ ಆಗ 69 ವರ್ಷ. ಮಿಷಿಗನ್‌ನಲ್ಲಿ ತೊಂಬತ್ತರ ದಶಕದಲ್ಲಿ ಒಮ್ಮೆ, ಮತ್ತೆ 2011ರಿಂದ ಇನ್ನೊಮ್ಮೆ ಕೆಲಸ ಮಾಡಿದ್ದರು. ಎರಡನೇ ಸಲ ಬಂದಾಗ ಅವರೇ ಡಿಫೆನ್ಸ್ ಕೋಆರ್ಡಿನೇಟರ್, ಅಂದರೆ ಎದುರಾಳಿಯನ್ನು ತಡೆಯುವ ಅರ್ಧ ತಂಡದ ಪೂರ್ತಿ ಹೊಣೆ ಅವರದು. 2015ರಲ್ಲಿ ಹೊಸ ಹೆಡ್ ಕೋಚ್ ಜಿಮ್ ಹಾರ್ಬಾ ಬಂದರು. ಮ್ಯಾಟಿಸನ್ ಅವರನ್ನು ಉಳಿಸಿಕೊಂಡರು, ಆದರೆ ಒಂದು ಮೆಟ್ಟಿಲು ಕೆಳಗೆ, ಡಿಫೆನ್ಸ್ ಲೈನ್ ಹುಡುಗರಿಗಷ್ಟೇ ಕೋಚ್ ಆಗಿ. ಮುದುಕ ಮುಖ ಕೆಡಿಸಿಕೊಳ್ಳಲಿಲ್ಲ. ನಾಲ್ಕು ಸೀಸನ್ ಅದೇ ಕೆಲಸ ಮಾಡಿದರು. ಆಮೇಲೆ ಒಹಾಯೊ ಸ್ಟೇಟ್ ಕರೆದು 'ಬನ್ನಿ ಸಾರ್, ಕೋ-ಕೋಆರ್ಡಿನೇಟರ್ ಆಗಿ' ಅಂತು.

ವಾಷಿಂಗ್ಟನ್ ಕಥೆ ಇನ್ನೂ ಸರಳ. ಕೊಲಂಬಸ್‌ನಲ್ಲೇ ಬೆಳೆದ ಹುಡುಗ. ಅವರಪ್ಪ ಒಹಾಯೊ ಸ್ಟೇಟ್ ತಂಡದಲ್ಲೇ ಲೈನ್‌ಬ್ಯಾಕರ್ ಆಗಿ ಆಡಿದವರು. ಮಗ ಮಿಷಿಗನ್‌ನಲ್ಲಿ ಇದ್ದದ್ದು ಒಂದೇ ಒಂದು ಸೀಸನ್. ಅಪ್ಪ ಆಡಿದ ಮೈದಾನದಲ್ಲಿ, ಅಪ್ಪ ಆಡಿದ ಜಾಗದ ಹುಡುಗರಿಗೇ ಕಲಿಸುವ ಕೆಲಸ ಸಿಕ್ಕಿತು.

ಹೇಳಿ, ಇವರಲ್ಲಿ ಯಾರು ನಿಮ್ಮ ಟೀಮಿನವರಾಗಿದ್ದರೂ ನೀವು ಏನು ಹೇಳ್ತಿದ್ರಿ? ಒಬ್ಬರಿಗೆ ರಿಟೈರ್ ಆಗೋ ವಯಸ್ಸಲ್ಲಿ ಕಳೆದುಕೊಂಡ ಹುದ್ದೆ ವಾಪಸ್ ಸಿಗ್ತಿದೆ. ಇನ್ನೊಬ್ಬರಿಗೆ ಹುಟ್ಟೂರಲ್ಲಿ ಕೆಲಸ. ಕೇಕ್ ತರಿಸಿ, ಕಾರ್ಡ್‌ಗೆ ಸಹಿ ಹಾಕಿ, 'ಟಚ್‌ನಲ್ಲಿರಿ' ಅಂತಿದ್ರಿ. ಕಾರ್ಡ್ ಮೇಲೆ 'ದ್ರೋಹಿ' ಅಂತ ಬರೀತಿರಲಿಲ್ಲ.

'ಇಲ್ಲ, ಇದು ಬೇರೆ, ಇದು ನಿಷ್ಠೆಯ ವಿಷಯ' ಅಂತಾರೆ ಅಭಿಮಾನಿಗಳು. ಸರಿ, ನಿಷ್ಠೆಯ ಲೆಕ್ಕವನ್ನೇ ನೋಡೋಣ.

ಒಹಾಯೊ ಸ್ಟೇಟ್‌ನಲ್ಲಿ ಇವರಿಬ್ಬರಿಗೆ ಜಾಗ ಖಾಲಿ ಆಗಿದ್ದು ಹೇಗೆ? 2018ರ ಸೀಸನ್‌ನಲ್ಲಿ ಆ ತಂಡ ಆಡಿದ 14 ಪಂದ್ಯದಲ್ಲಿ 13 ಗೆದ್ದಿತ್ತು. ರೋಸ್ ಬೌಲ್ ಕೂಡ ಗೆದ್ದಿತ್ತು. ಹೆಡ್ ಕೋಚ್ ಅರ್ಬನ್ ಮೇಯರ್ ನಿವೃತ್ತರಾದರು, ರಯಾನ್ ಡೇ ಆ ಕುರ್ಚಿಗೆ ಬಂದರು. ಬಂದವರೇ ಡಿಫೆನ್ಸ್ ಕೋಚ್‌ಗಳನ್ನು ಹೆಚ್ಚುಕಡಿಮೆ ಪೂರ್ತಿ ಗುಡಿಸಿ ಹೊಸಬರನ್ನು ತಂದರು. ಹದಿಮೂರು ಗೆದ್ದ ತಂಡದ ಕೋಚ್‌ಗಳು ಮನೆಗೆ ಹೋದರು. ಅದಕ್ಕೆ ಯಾರಾದರೂ ಯೂನಿವರ್ಸಿಟಿಯನ್ನು 'ದ್ರೋಹಿ' ಅಂದರಾ? ಇಲ್ಲ. ಅದಕ್ಕೆ ಇಟ್ಟ ಹೆಸರು 'ಹೊಸ ದಿಕ್ಕು'.

ಅಸಿಸ್ಟೆಂಟ್ ಕೋಚ್ ಬದುಕು ಇಷ್ಟೇ. 2018ರಿಂದ ಒಂದು ತಂಡಕ್ಕೆ ಹತ್ತು ಅಸಿಸ್ಟೆಂಟ್‌ಗಳು. ಅವರ ಕಾಂಟ್ರ್ಯಾಕ್ಟ್ ಸಾಮಾನ್ಯವಾಗಿ ಒಂದೋ ಎರಡೋ ವರ್ಷದ್ದು. ಹೆಡ್ ಕೋಚ್ ಹೋದರೆ ಹತ್ತರಲ್ಲಿ ಎಷ್ಟು ಜನ ಉಳೀತಾರೆ ಅನ್ನೋದು ಮುಂದೆ ಬರುವವನ ಮರ್ಜಿ. ಇವರು ವಾರಕ್ಕೆ ಏಳೂ ದಿನ ದುಡೀತಾರೆ, ಊರೂರು ಸುತ್ತಿ ಹೈಸ್ಕೂಲ್ ಹುಡುಗರ ಮನೆಯಲ್ಲಿ ಕೂತು ತಾಯಂದಿರ ಜೊತೆ ಮಾತಾಡ್ತಾರೆ, ಮಕ್ಕಳನ್ನು ನಾಲ್ಕೈದು ಸ್ಕೂಲ್ ಬದಲಾಯಿಸ್ತಾರೆ. ದೊಡ್ಡ ತಂಡಗಳಲ್ಲಿ ಸಂಬಳ ಚೆನ್ನಾಗಿದೆ, ಅವರಿಗಾಗಿ ಕಣ್ಣೀರು ಹಾಕಿ ಅಂತ ನಾನು ಹೇಳ್ತಿಲ್ಲ. ಆದರೆ ಮೇಲಿನ ಕುರ್ಚಿಗೂ ಇವರ ಕುರ್ಚಿಗೂ ಇರೋ ವ್ಯತ್ಯಾಸ ನೋಡಿ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ತನ್ನ ಹೆಡ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿದಾಗ ಒಪ್ಪಂದದಂತೆ ಕೊಡಬೇಕಾದ ಬಾಕಿ 7.5 ಕೋಟಿ ಡಾಲರ್‌ಗೂ ಹೆಚ್ಚಿತ್ತು. ಕೆಲಸ ಮಾಡಬೇಡ ಅನ್ನೋದಕ್ಕೆ ಅಷ್ಟು ದುಡ್ಡು! ಆ ಮೊತ್ತದ ಹತ್ತಿರಕ್ಕೂ ಯಾವ ಅಸಿಸ್ಟೆಂಟ್ ಬರಲ್ಲ.

ನಿಷ್ಠೆಯ ಪಾಠ ಮಾತ್ರ ಯಾವಾಗಲೂ ಕೆಳಗಿನ ಕುರ್ಚಿಗೇ. 2024ರ ಜನವರಿಯಲ್ಲಿ ಅದೇ ಹಾರ್ಬಾ ಮಿಷಿಗನ್‌ಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ತಿಂಗಳೇ ಎನ್‌ಎಫ್‌ಎಲ್‌ನ ಚಾರ್ಜರ್ಸ್ ತಂಡಕ್ಕೆ ಹೊರಟರು. ನನ್ನ ಗೆಳೆಯ ಅವತ್ತೂ ಫೋನ್ ಮಾಡಿದ್ದ. "ಬೇಜಾರಾಗುತ್ತೆ, ಆದ್ರೆ ಅವರಿಗೂ ಕನಸಿರುತ್ತೆ ಅಲ್ವಾ?" ಅಂದ. ಹೌದಪ್ಪಾ, ಇರುತ್ತೆ. 69 ವರ್ಷದ ಮುದುಕನಿಗೂ ಇತ್ತು.

'ಎನ್‌ಎಫ್‌ಎಲ್‌ಗೆ ಹೋಗೋದು ಬೇರೆ, ಎದುರಾಳಿಗೆ ಹೋಗೋದು ಬೇರೆ. ಗುಟ್ಟೆಲ್ಲಾ ಹೊತ್ಕೊಂಡು ಹೋಗ್ತಾರಲ್ಲಾ?' ಇದು ಎರಡನೇ ವಾದ. ಕೇಳೋಕೆ ಗಟ್ಟಿಯಾಗಿದೆ. ಸ್ಕೋರ್‌ಬೋರ್ಡ್ ಮುಂದೆ ಇಟ್ಟರೆ ನಿಲ್ಲಲ್ಲ.

ಆ ಇಬ್ಬರೂ ಮಿಷಿಗನ್ ಕಡೆ ನಿಂತಿದ್ದ ನವೆಂಬರ್ 2018ರಲ್ಲಿ ಒಹಾಯೊ ಸ್ಟೇಟ್ ಗೆದ್ದದ್ದು 62-39ರಿಂದ. ಅವರು ಆ ಕಡೆ ಹೋದ ಮೇಲೆ, 2019ರಲ್ಲಿ, 56-27. 'ನೋಡಿದ್ಯಾ, ಗುಟ್ಟು ಹೇಳಿದ್ರು' ಅಂದ ನನ್ನ ಗೆಳೆಯ. ಹೋದವರು ಡಿಫೆನ್ಸ್ ಕೋಚ್‌ಗಳು. ಅವರು ಹೋಗೋ ಮೊದಲೇ ಮಿಷಿಗನ್ ಡಿಫೆನ್ಸ್ 62 ಪಾಯಿಂಟ್ ಕೊಟ್ಟಿತ್ತು. ಇನ್ನು ಯಾವ ಗುಟ್ಟು ಉಳಿದಿತ್ತು ಹೊತ್ಕೊಂಡು ಹೋಗೋಕೆ? 2020ರ ಪಂದ್ಯ ಕೊರೊನಾದಿಂದ ರದ್ದಾಯಿತು. 2021ರಲ್ಲಿ, ವಾಷಿಂಗ್ಟನ್ ಇನ್ನೂ ಒಹಾಯೊ ಸ್ಟೇಟ್‌ನಲ್ಲೇ ಇದ್ದಾಗ, ಮಿಷಿಗನ್ 42-27ರಿಂದ ಬಾರಿಸಿತು.

ಆಮೇಲೆ ಏನಾಯಿತು ಗೊತ್ತಾ? ಒಹಾಯೊ ಸ್ಟೇಟ್ ಮತ್ತೆ ಡಿಫೆನ್ಸ್ ಕೋಚ್‌ಗಳನ್ನು ಬದಲಾಯಿಸಿತು. 2022ರ ಆರಂಭದಲ್ಲಿ ವಾಷಿಂಗ್ಟನ್ ಗಂಟುಮೂಟೆ ಕಟ್ಟಿ ನೋಟರ್ ಡೇಮ್‌ಗೆ ಹೋದರು. ಹುಟ್ಟೂರು, ಅಪ್ಪನ ತಂಡ, ಮೂರು ಸೀಸನ್, ಮುಗೀತು. ಮಿಷಿಗನ್‌ನವರು ಈ ಮನುಷ್ಯನಿಂದ ಜೀವಮಾನದ ನಿಷ್ಠೆ ಬಯಸಿದ್ದರು. ಸ್ವಂತ ಊರಿನ ತಂಡವೇ ಅವರಿಗೆ ಅಷ್ಟು ನಿಷ್ಠೆ ತೋರಿಸಲಿಲ್ಲ.

ಇನ್ನು ಇತಿಹಾಸ ತೆಗೆದರೆ ಮಿಷಿಗನ್ ಅಭಿಮಾನಿಗಳು ಬಾಯಿ ತೆರೆಯೋ ಹಾಗೇ ಇಲ್ಲ. ಅವರು ದೇವರ ಪಕ್ಕದಲ್ಲಿ ಇಟ್ಟು ಪೂಜಿಸುವ ಕೋಚ್ ಯಾರು? ಬೋ ಶೆಂಬೆಕ್ಲರ್. ಅವರು ಆಟ ಕಲಿತದ್ದು ವುಡಿ ಹೇಯ್ಸ್ ಹತ್ತಿರ. ಅದೇ ಹೇಯ್ಸ್ ಒಹಾಯೊ ಸ್ಟೇಟ್‌ನ ಹೆಡ್ ಕೋಚ್ ಆಗಿದ್ದಾಗ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿ ದುಡಿದವರು ಶೆಂಬೆಕ್ಲರ್. ಮಧ್ಯೆ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ ಹೆಡ್ ಕೋಚ್ ಆಗಿದ್ದು 1969ರಲ್ಲಿ ಮಿಷಿಗನ್‌ಗೆ ಬಂದರು. ಬಂದ ಮೊದಲ ವರ್ಷವೇ, ಸತತ 22 ಪಂದ್ಯ ಗೆದ್ದು ಬಂದಿದ್ದ ತನ್ನ ಗುರುವಿನ ತಂಡವನ್ನು 24-12ರಿಂದ ಮಣ್ಣು ಮುಕ್ಕಿಸಿದರು. ಗುರು-ಶಿಷ್ಯರ ಮುಂದಿನ ಹತ್ತು ವರ್ಷದ ಜಟಾಪಟಿಯೇ ಈ ಜಿದ್ದನ್ನು ಇಡೀ ಅಮೆರಿಕ ನೋಡುವಂತೆ ಮಾಡಿತು. ಆ ಲೆಕ್ಕದಲ್ಲಿ ಈ ಪಂದ್ಯದ ವೈಭವವೇ ಒಬ್ಬ ಅಸಿಸ್ಟೆಂಟ್ ಕೋಚ್ ಗಡಿ ದಾಟಿ ಬಂದದ್ದರ ಫಲ. ಈ ಕಡೆ ಬಂದವನು ಭೀಷ್ಮ, ಆ ಕಡೆ ಹೋದವನು ಶಲ್ಯನಾ?

ನಾವೂ ಯೋಚನೆ ಮಾಡೋಣ. 2023ರಲ್ಲಿ ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದಾಗ ನಮ್ಮಲ್ಲಿ ಎಷ್ಟು ಜನ 'ದ್ರೋಹಿ' ಅಂದ್ವಿ? ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದವನಿಗೆ ಇಲ್ಲಿ ಜಾಗ ಸಿಗಲಿಲ್ಲ, ಸಿಕ್ಕ ಕಡೆ ಹೋದ, ಒಳ್ಳೆಯದಾಗಲಿ ಅಂದ್ವಿ. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್‌ನಲ್ಲಿ ಅವನೇ ವಿದರ್ಭದ ಕ್ಯಾಪ್ಟನ್ ಆಗಿ ಎದುರು ನಿಂತ. ಕರ್ನಾಟಕ ಗೆಲ್ಲಲಿ, ಕರುಣ್ ಸೆಂಚುರಿ ಹೊಡೀಲಿ ಅಂತ ಎರಡನ್ನೂ ಬಯಸಿದ ಮನೆಗಳು ಎಷ್ಟೋ. ಕಪ್ ನಮಗೇ ಬಂತು. ಅವನ ಮೇಲೆ ಸಿಟ್ಟು ಮಾತ್ರ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ಕೋಚ್‌ಗಳಿಗೆ ಪೂರ್ತಿ ಕ್ಲೀನ್ ಚಿಟ್ ಕೊಟ್ಟೆ ಅಂದ್ಕೋಬೇಡಿ. ಅಸಲಿ ವಿಷಯ ಈಗ ಬರ್ತಿದೆ.

2017ರಿಂದ ಹೈಸ್ಕೂಲ್ ಹುಡುಗರು ಡಿಸೆಂಬರ್‌ನಲ್ಲೇ ಯೂನಿವರ್ಸಿಟಿಗಳಿಗೆ ಸಹಿ ಹಾಕುವ ವ್ಯವಸ್ಥೆ ಬಂತು. ಡಿಸೆಂಬರ್ 2018ರ ಮೂರನೇ ವಾರ, ಮಿಷಿಗನ್ ಡಿಫೆನ್ಸ್‌ಗೆ ಆಡಬೇಕು ಅಂತ ಕನಸು ಕಂಡ ಹದಿನೇಳು ಹದಿನೆಂಟರ ಹುಡುಗರು ಸಹಿ ಹಾಕಿದರು. ಅಂಥ ಸಹಿಗಳ ಹಿಂದೆ ಇರೋದು ತಿಂಗಳುಗಟ್ಟಲೆ ಫೋನ್ ಮಾಡಿದ, ಮನೆಗೆ ಬಂದು ಊಟ ಮಾಡಿದ, 'ನಿಮ್ಮ ಮಗ ನನ್ನ ಮಗ ಇದ್ದ ಹಾಗೆ' ಅಂದ ಒಬ್ಬ ಅಸಿಸ್ಟೆಂಟ್ ಕೋಚ್. ಹೆಡ್ ಕೋಚ್ ಟಿವಿಯಲ್ಲಿ ಕಾಣೋನು. ದಿನಾ ಬೆಳಗ್ಗೆ ಹುಡುಗನ ಪಕ್ಕ ನಿಂತು ಕಾಲು ಹೀಗಿಡು, ಭುಜ ಹೀಗೆ ತಿರುಗಿಸು ಅಂತ ಹೇಳಿಕೊಡೋನು ಇವನು. ಸಹಿ ಆಗಿ ಮೂರು ವಾರಕ್ಕೆ, ಜನವರಿಯಲ್ಲಿ, ಇಬ್ಬರು ಡಿಫೆನ್ಸ್ ಕೋಚ್‌ಗಳು ನಾಪತ್ತೆ!

ಹುಡುಗ ಏನು ಮಾಡಬಹುದಿತ್ತು? ಏನೂ ಇಲ್ಲ. ಅವತ್ತಿನ 'ಲೆಟರ್ ಆಫ್ ಇಂಟೆಂಟ್' ಪತ್ರದಲ್ಲೇ ಮುದ್ರಿಸಿತ್ತು: ನೀನು ಸಹಿ ಹಾಕ್ತಿರೋದು ಸಂಸ್ಥೆಗೆ, ಕೋಚ್‌ಗೆ ಅಲ್ಲ, ಕೋಚ್ ಹೋದರೂ ನೀನು ಬದ್ಧ. ಆ ಮನೆಯಲ್ಲಿ ಊಟ ಮಾಡೋವಾಗ ಈ ಸಾಲನ್ನು ಯಾರೂ ಜೋರಾಗಿ ಓದಿ ಹೇಳಿರಲಿಕ್ಕಿಲ್ಲ. ಒಂದು ತಂಡ ಸೇರಿದ ಮೇಲೆ ಇನ್ನೊಂದು ತಂಡಕ್ಕೆ ಹೋಗಬೇಕಾದರೂ ಅಷ್ಟೇ. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ನಿಯಮದ ಪ್ರಕಾರ ಒಂದು ವರ್ಷ ಬೆಂಚ್ ಮೇಲೆ ಕೂರಬೇಕಿತ್ತು.

ಈಗ ಒಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಅದೇ ಜನವರಿ, ಅದೇ ಒಹಾಯೊ ಸ್ಟೇಟ್. ಎದುರಾಳಿ ತಂಡದಿಂದ ಇಬ್ಬರು ಕೋಚ್‌ಗಳು ಬರ್ತಾರೆ, ಬಂದ ದಿನದಿಂದಲೇ ಕೆಲಸ ಶುರು. ಅದೇ ತಿಂಗಳು ಜಾರ್ಜಿಯಾ ಯೂನಿವರ್ಸಿಟಿಯಿಂದ ಜಸ್ಟಿನ್ ಫೀಲ್ಡ್ಸ್ ಅನ್ನೋ 19 ವರ್ಷದ ಕ್ವಾರ್ಟರ್‌ಬ್ಯಾಕ್ ಬರ್ತಾನೆ. ಅವನು ಬಿಟ್ಟು ಬಂದ ತಂಡ ಒಹಾಯೊ ಸ್ಟೇಟ್‌ಗೆ ನೇರ ಎದುರಾಳಿಯೂ ಅಲ್ಲ. ಆದರೂ ಅದೇ ವರ್ಷ ಆಡಬೇಕು ಅಂದರೆ ಎನ್‌ಸಿಎಎಗೆ ಅರ್ಜಿ ಹಾಕಬೇಕು, ಕಾರಣ ವಿವರಿಸಬೇಕು. ಹುಡುಗ ಲಾಯರ್ ಇಟ್ಟುಕೊಳ್ಳಬೇಕಾಯಿತು. ಫೆಬ್ರವರಿಯಲ್ಲಿ ವಿನಾಯಿತಿ ಸಿಕ್ಕಿತು. ಆ ವರ್ಷ ನವೆಂಬರ್‌ನಲ್ಲಿ ಮಿಷಿಗನ್ ವಿರುದ್ಧ ನಾಲ್ಕು ಟಚ್‌ಡೌನ್ ಪಾಸ್ ಎಸೆದವನು ಅವನೇ. 56-27ರ ಗುಟ್ಟು ಯಾರ ಹತ್ತಿರ ಇತ್ತು ಅಂತ ಈಗ ಗೊತ್ತಾಯ್ತಾ?

ಸಂಬಳ ತಗೊಳ್ಳೋ ದೊಡ್ಡವರಿಗೆ ಬಾಗಿಲು ಹಾರುಹೊಡೆದಿತ್ತು. ಸಂಬಳವೇ ಇಲ್ಲದ ಹುಡುಗ ಲಾಯರ್ ಹಿಡಿದು ಬಾಗಿಲು ತಟ್ಟಬೇಕಿತ್ತು. ಆ ವ್ಯವಸ್ಥೆಯಲ್ಲಿ ದ್ರೋಹ ಅನ್ನೋ ಪದಕ್ಕೆ ಅರ್ಥ ಇದ್ದರೆ ಅದು ಇಲ್ಲೇ. ಸ್ವಲ್ಪ ಪಾಲು ಕೋಚ್‌ದೂ ಹೌದು. ಯೂನಿವರ್ಸಿಟಿಗೆ ಅವನೇನೂ ಸಾಲ ಉಳಿಸಿಕೊಂಡಿರಲಿಲ್ಲ, ದುಡಿದ, ಸಂಬಳ ತಗೊಂಡ, ಚುಕ್ತಾ. ಬಾಕಿ ಇದ್ದದ್ದು ಆ ಊಟದ ಮೇಜಿನ ಮುಂದೆ ಕೊಟ್ಟ ಮಾತು. ಅನ್ನದ ಋಣ ಅಂದರೆ ಅದು. ಅಭಿಮಾನಿಗಳು ಬಾವುಟದ ಪರವಾಗಿ ಕೂಗಾಡಿದರು, ಹುಡುಗನ ಪರವಾಗಿ ಕೂಗಿದವರು ಎಷ್ಟು ಜನ?

ಈ ಇಬ್ಬಂದಿತನ ಹಳೆಯದು. 2010ರ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್‌ನ ಐದು ಆಟಗಾರರು ಸಿಕ್ಕಿಬಿದ್ದರು. ಮಾಡಿದ ಅಪರಾಧ? ತಮಗೆ ಸಿಕ್ಕ ಸ್ಮರಣಿಕೆಗಳನ್ನು ಮಾರಿಕೊಂಡಿದ್ದು. ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರಯರ್ ಮಾರಿದ್ದರಲ್ಲಿ ಆ ಚಿನ್ನದ ಪುಟ್ಟ ಚಡ್ಡಿ ಪದಕವೂ ಇತ್ತು. ತಾನೇ ಗೆದ್ದ, ತನ್ನದೇ ಪದಕ! ಐದು ಪಂದ್ಯ ಸಸ್ಪೆಂಡ್. ಅದೂ ಮುಂದಿನ ಸೀಸನ್‌ನಲ್ಲಿ. ಎರಡು ವಾರದೊಳಗೆ ಶುಗರ್ ಬೌಲ್ ಇತ್ತಲ್ಲ, ಅದರಲ್ಲಿ ಆಡೋಕೆ ಅನುಮತಿ ಕೊಟ್ಟರು. ಟಿವಿಯವರಿಗೆ ಪಂದ್ಯ ಬೇಕಿತ್ತು, ನೀತಿಪಾಠ ಆಮೇಲೆ ನೋಡಿದರಾಯಿತು.

ಈಗ ಕಾಲ ಬದಲಾಗಿದೆ. 2021ರಲ್ಲಿ ಆಟಗಾರರು ಒಮ್ಮೆ ತಂಡ ಬದಲಾಯಿಸಿ ತಕ್ಷಣ ಆಡಬಹುದು ಅಂತಾಯಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡೋಕೆ ದಾರಿ ಸಿಕ್ಕಿತು. 2024ರಲ್ಲಿ 'ಒಮ್ಮೆ' ಅನ್ನೋ ಮಿತಿಯೂ ಹೋಯಿತು, ಅದೇ ವರ್ಷ ಆ ಲೆಟರ್ ಆಫ್ ಇಂಟೆಂಟ್ ಪದ್ಧತಿಗೂ ವಿದಾಯ ಹೇಳಿದರು. 2025ರಿಂದ ಯೂನಿವರ್ಸಿಟಿಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು.

ಈಗ ಹೊಸ ರಾಗ ಶುರುವಾಗಿದೆ. 'ಈಗಿನ ಹುಡುಗರಿಗೆ ನಿಷ್ಠೆಯೇ ಇಲ್ಲ, ದುಡ್ಡು ಕಂಡ ಕಡೆ ಹಾರ್ತಾರೆ.' ಹೇಳ್ತಿರೋರು ಯಾರು? ಎಷ್ಟೋ ಸಲ ಐದಾರು ತಂಡ ಬದಲಾಯಿಸಿದ ಕೋಚ್‌ಗಳೇ. ಹುಡುಗರು ಹಾರೋದು ಕಲಿತದ್ದು ಯಾರನ್ನು ನೋಡಿ ಸ್ವಾಮಿ?

ಹಾಗಾದರೆ ಒಳ್ಳೆಯ ರೀತಿಯಲ್ಲಿ ಬಿಟ್ಟುಹೋಗೋದು ಸಾಧ್ಯವೇ ಇಲ್ವಾ? ಇದೆ. ಇತ್ತೀಚೆಗೆ ಕಣ್ಣ ಮುಂದೆಯೇ ನಡೆಯಿತು.

2025ರಲ್ಲಿ ಮಿಸಿಸಿಪಿಯ ಓಲ್ ಮಿಸ್ ತಂಡ 11 ಗೆದ್ದು 1 ಸೋತು, ತನ್ನ ಚರಿತ್ರೆಯಲ್ಲೇ ಮೊದಲ ಸಲ ರಾಷ್ಟ್ರೀಯ ಪ್ಲೇಆಫ್‌ಗೆ ಹೊರಟು ನಿಂತಿತ್ತು. ನವೆಂಬರ್ 30ಕ್ಕೆ ಹೆಡ್ ಕೋಚ್ ಲೇನ್ ಕಿಫಿನ್ 'ನಾನು ಎಲ್‌ಎಸ್‌ಯುಗೆ ಹೋಗ್ತಿದ್ದೀನಿ' ಅಂದುಬಿಟ್ಟರು. ಎಲ್‌ಎಸ್‌ಯು ಅಂದರೆ ಪಕ್ಕದ ಲೂಯಿಸಿಯಾನದ ತಂಡ, ಅದೇ ಕಾನ್ಫರೆನ್ಸ್, ಹಳೇ ಜಿದ್ದು. ಪ್ಲೇಆಫ್ ಮುಗಿಸಿ ಹೋಗ್ತೀನಿ ಅಂತ ಕೇಳಿದ್ದರು, ಓಲ್ ಮಿಸ್ ಒಪ್ಪಲಿಲ್ಲ. ಡಿಫೆನ್ಸ್ ನೋಡಿಕೊಳ್ತಿದ್ದ ಪೀಟ್ ಗೋಲ್ಡಿಂಗ್ ಅವರನ್ನೇ ಹೆಡ್ ಕೋಚ್ ಮಾಡಿದರು. ಕಿಫಿನ್ ಬೆನ್ನಿಗೆ ಹಲವು ಅಸಿಸ್ಟೆಂಟ್‌ಗಳೂ ಎಲ್‌ಎಸ್‌ಯು ದಾರಿ ಹಿಡಿದರು. ಸೀಸನ್‌ನ ಅತಿ ದೊಡ್ಡ ಪಂದ್ಯಗಳ ಹೊಸ್ತಿಲಲ್ಲಿ ಹುಡುಗರು ನಿಂತಿದ್ದಾಗ!

ಆದರೆ ಅಫೆನ್ಸ್ ಕೋಆರ್ಡಿನೇಟರ್ ಚಾರ್ಲಿ ವೈಸ್ ಜೂನಿಯರ್ ವಾಪಸ್ ಬಂದರು. ಎಲ್‌ಎಸ್‌ಯು ಕೆಲಸ ಒಪ್ಪಿಕೊಂಡಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಓಲ್ ಮಿಸ್ ಕೂಡ ಸಿಟ್ಟು ಪಕ್ಕಕ್ಕಿಟ್ಟು ಒಳಗೆ ಬಿಟ್ಟುಕೊಂಡಿತು. ಮುಂದಿನ ಸೀಸನ್‌ಗೆ ಎದುರಾಳಿಯಾಗುವ ಮನುಷ್ಯನೇ ಓಲ್ ಮಿಸ್ ಹುಡುಗರಿಗೆ ಪ್ಲೇ ಹೇಳಿಕೊಟ್ಟ. ಅವರು ಟುಲೇನ್ ತಂಡವನ್ನು ಸೋಲಿಸಿದರು. ಹೊಸ ವರ್ಷದ ದಿನ ಬಲಿಷ್ಠ ಜಾರ್ಜಿಯಾವನ್ನು 39-34ರಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಮಯಾಮಿ ಎದುರು ಬರೀ ನಾಲ್ಕು ಪಾಯಿಂಟ್‌ನಲ್ಲಿ ಸೋತರು. ಗುಟ್ಟು ಹೊತ್ಕೊಂಡು ಹೋಗ್ತಾನೆ ಅನ್ನೋ ಭಯದಲ್ಲಿ ಗೇಟ್ ಹಾಕಿದ್ದರೆ ಆ ಹುಡುಗರಿಗೆ ಆ ಸಂಜೆಗಳು ಸಿಗುತ್ತಿದ್ದವೋ ಇಲ್ಲವೋ.

ಒಪ್ಪಿಕೊಂಡ ಕೆಲಸ ಮುಗಿಸಿ, ಹುಡುಗರ ಮುಖ ನೋಡಿ ಹೇಳಿ, ಆಮೇಲೆ ಹೊರಡೋದು. ನಾನು ಕೇಳ್ತಿರೋದು ಇಷ್ಟನ್ನೇ. ಎದುರಾಳಿ ಕಡೆಗಾದರೂ ಸರಿ, ಹೋಗಲಿ.

ಓಆರ್‌ಆರ್‌ನಲ್ಲಿ ಬೆಳಗಾಗೋ ನಮಗೆ ಇದು ಅರ್ಥ ಆಗದೇ ಇರುತ್ತಾ? ತೊಂಬತ್ತು ದಿನದ ನೋಟಿಸ್ ಪಿರಿಯಡ್, 'ವಿ ಆರ್ ಎ ಫ್ಯಾಮಿಲಿ' ಅನ್ನೋ ಪೋಸ್ಟರ್, ರಾಜೀನಾಮೆ ಕೊಟ್ಟ ದಿನದಿಂದ ಮುಖ ತಿರುಗಿಸೋ ಮ್ಯಾನೇಜರ್, 'ಕಾಂಪಿಟೀಟರ್‌ಗೆ ಹೋಗುವ ಹಾಗಿಲ್ಲ' ಅನ್ನೋ ಸಣ್ಣಕ್ಷರದ ಷರತ್ತು. ನಮ್ಮ ಕಡೆ ಆ ಷರತ್ತಿಗೆ ಕಾನೂನಿನ ಬಲ ಅಷ್ಟಕ್ಕಷ್ಟೇ. 1872ರ ಇಂಡಿಯನ್ ಕಾಂಟ್ರ್ಯಾಕ್ಟ್ ಆಕ್ಟ್‌ನ 27ನೇ ಸೆಕ್ಷನ್ ಪ್ರಕಾರ ಒಬ್ಬನ ವೃತ್ತಿಗೆ ಅಡ್ಡಗಾಲು ಹಾಕುವ ಕರಾರು ಅಸಿಂಧು. ಇದೇ ಸೆಕ್ಷನ್ ಹಿಡಿದು 2006ರಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟಿಗ ಜಹೀರ್ ಖಾನ್ ಅವರನ್ನು ಒಪ್ಪಂದ ಮುಗಿದ ಮೇಲೂ ಕಟ್ಟಿಹಾಕಲು ಹೊರಟ ಏಜೆನ್ಸಿಗೆ ಇಲ್ಲ ಅಂದಿತು. ಮುಗಿದದ್ದು ಮುಗೀತು. ನಮ್ಮ ಸ್ವಂತ ಕೆಲಸದ ವಿಷಯದಲ್ಲಿ ಈ ನ್ಯಾಯ ಎಷ್ಟು ಚೆನ್ನಾಗಿ ಗೊತ್ತು ನಮಗೆ! ಜೆರ್ಸಿ ಹಾಕಿಕೊಂಡ ಕೂಡಲೇ ಮರೆತು, ನಾವೇ ಆ ಮ್ಯಾನೇಜರ್ ಆಗಿಬಿಡ್ತೀವಿ.

ಬರೀ ಬೈದು ಹೋಗಬಾರದು, ಒಂದು ಸಲಹೆಯನ್ನೂ ಕೊಡ್ತೀನಿ. ಹೆಡ್ ಕೋಚ್ ಬದಲಾದರೆ ಆಟಗಾರರು ಬೇರೆ ತಂಡ ಹುಡುಕಿಕೊಳ್ಳಲು ವಿಶೇಷ ಅವಧಿ ಕೊಡುವ ನಿಯಮ ಈಗ ಇದೆ. ಅಸಿಸ್ಟೆಂಟ್ ಹೋದರೆ ಇಲ್ಲ. ದಿನಾ ಪಕ್ಕದಲ್ಲಿ ನಿಲ್ಲುವವನು ಇವನು, ಕರೆತಂದವನೂ ಎಷ್ಟೋ ಸಲ ಇವನೇ. ಇವನು ಹೋದಾಗಲೂ ಆ ಕೋಚ್ ಕೈಕೆಳಗಿನ ಹುಡುಗರಿಗೆ ಅದೇ ಅವಧಿ ಕೊಡಿ. ಸಹಿ ಹಾಕಿ ಇನ್ನೂ ಒಂದು ಪಂದ್ಯವನ್ನೂ ಆಡದ ಹುಡುಗನಿಗಂತೂ ದಂಡವಿಲ್ಲದೆ ಬಿಡುಗಡೆ ಕೊಡಿ. ಆಗ ನೋಡಿ, ಡಿಸೆಂಬರ್‌ನಲ್ಲಿ ಸಹಿ ಮಾಡಿಸಿಕೊಂಡು ಜನವರಿಯಲ್ಲಿ ಕೋಚ್‌ಗಳನ್ನು ಅದಲುಬದಲು ಮಾಡೋ ಆಟ ಎಷ್ಟು ದಿನ ನಡೆಯುತ್ತೆ ಅಂತ.

ಹೋದ ನವೆಂಬರ್‌ನಲ್ಲಿ ಒಹಾಯೊ ಸ್ಟೇಟ್ 27-9ರಿಂದ ಗೆದ್ದ ರಾತ್ರಿ ಗೆಳೆಯ ಮತ್ತೆ ಫೋನ್ ಮಾಡಿದ್ದ. ಸೋತ ಬೇಜಾರಿನಲ್ಲಿ ಹಳೇದೆಲ್ಲಾ ತೆಗೆದ. "2019ರಲ್ಲಿ ಆ ಮ್ಯಾಟಿಸನ್, ಆ ವಾಷಿಂಗ್ಟನ್ ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ ಮಗಾ" ಅಂದ.

"ಸರಿ ಕಣೋ" ಅಂದೆ. "ಅವರು ಹೋಗೋಕೆ ಮೂರು ವಾರ ಮೊದಲು ನಿಮ್ಮ ಡಿಫೆನ್ಸ್‌ಗೆ ಸಹಿ ಹಾಕಿದ್ರಲ್ಲ ಹುಡುಗರು, ಅವರಲ್ಲಿ ಮೂರು ಜನರ ಹೆಸರು ಹೇಳು ನೋಡೋಣ."

ಒಂದು ಹೆಸರು ಹೇಳಿದ. ಆಮೇಲೆ ತಡವರಿಸಿದ. "ಇರು, ನೋಡಿ ಹೇಳ್ತೀನಿ" ಅಂದ. ಇನ್ನೂ ಹೇಳಿಲ್ಲ.